ಉಳಿದದ್ದರ ತೂಕ

“ಬ್ಯಾಗ್ ಬಿಚ್ಚಮ್ಮ,” ಎಂದರು ವಿಜ್ಞಾನಿ ಮೇಡಂ.

ಇಲಿಗಳ ಗೂಡು ತೊಳೆಯುವ ಹೆಂಗಸು ಬ್ಯಾಗನ್ನು ಎಡಗೈಯಲ್ಲೇ ಮೇಜಿನ ಮೇಲಿಟ್ಟಳು. ಬಲ ಮುಂಗೈ ಊದಿತ್ತು. ಸೋಮವಾರ ಕಬ್ಬಿಣದ ಗೂಡು ಜಾರಿ ಅದರ ಮೇಲೆ ಬಿದ್ದಿತ್ತು. ಕಪಾಟಿನಿಂದ ನೋವಿನ ಔಷಧದ ಸೀಸೆಯೊಂದು ಕಾಣೆಯಾದದ್ದೂ ಸೋಮವಾರವೇ. ಇನ್ನು ಬೇರೆ ಸಾಕ್ಷಿ ಯಾರಿಗೆ ಬೇಕು?

“ನಾಲ್ಕು ದಿನದಿಂದ ಈ ಅಕ್ಕ ಯಾರ ಜೊತೆಗೂ ಊಟಕ್ಕೆ ಕೂರ್ತಿಲ್ಲ ಮೇಡಂ. ಮಾತೂ ಇಲ್ಲ, ಕಥೆಯೂ ಇಲ್ಲ. ಗೂಡುಗಳ ಹಿಂದೆ ಹೋಗಿ ಸೇರ್ಕೋತಾಳೆ,” ಎಂದ ಸಹಾಯಕ, ಹುರಿದ ಕಡಲೆ ಕಟಕಟ ಅಗಿಯುತ್ತಾ. “ಸುಮ್‌ಸುಮ್ನೆ ಯಾರಾದ್ರೂ ಮುಖ ತಪ್ಪಿಸ್ತಾರಾ?”

“ಕಪಾಟಿನ ಬೀಗದ ಕೈ ನಂಗೂ ಇದೆ, ಇವರಿಗೂ ಇದೆ. ಬಿಚ್ಚೋದು ಮಾತ್ರ ನನ್ನ ಬ್ಯಾಗಾ?” ಎಂದಳು ಹೆಂಗಸು, ಸಹಾಯಕನ ಕಡೆ ಕೈ ತೋರಿಸಿ.

“ಕೆಲಸ ಉಳೀಬೇಕು ಅಂದ್ರೆ ಬಿಚ್ಚು,” ಎಂದರು ಮೇಡಂ.

ಪಕ್ಕದ ಪೆಟ್ಟಿಗೆಯಲ್ಲಿ ಏಳನೇ ನಂಬರಿನ ಇಲಿ ಮುದುಡಿ ಕೂತಿತ್ತು. ಬೆಳಿಗ್ಗೆ ಅದಕ್ಕೂ ಎಂಟನೆಯದಕ್ಕೂ ನೋವು ತರಿಸುವ ಸೂಜಿ ಚುಚ್ಚಿದ್ದರು. ಎಡಗಡೆಯ ಗುಂಡಿ ಒತ್ತಿದರೆ ಕಾಳು ಬೀಳುತ್ತದೆ; ಬಲಗಡೆಯದನ್ನು ಒತ್ತಿದರೆ ಜೊತೆಗಾರ ಇಲಿಯ ಬಾಗಿಲು ತೆರೆಯುತ್ತದೆ. ಏಳು ಎರಡನ್ನೂ ಮುಟ್ಟಿರಲಿಲ್ಲ. ನೋವಿನ ಔಷಧ ಸಿಕ್ಕಿದ್ದ ಎಂಟು, ತಿಂದು ಮುಗಿಸಿ ಗೆಳೆಯನ ಮೂತಿ ಮೂಸುತ್ತಿತ್ತು. ಇಲಿಗಳು ತಿನ್ನದೆ ಉಳಿದ ಕಾಳನ್ನು ಮೇಡಂ ದಿನಾ ತೂಗುತ್ತಾರೆ. ತೂಗಿ ಬರೆಯುತ್ತಾರೆ: ಏಳು, ನೋವಿದೆ. ಎಂಟು, ನೋವಿಲ್ಲ.

ಬ್ಯಾಗಿನಿಂದ ಬಾಚಣಿಗೆ, ಬಸ್ ಟಿಕೆಟ್, ಊಟದ ಡಬ್ಬಿ ಹೊರಬಂದವು.

“ಡಬ್ಬೀಲೇ ಇರುತ್ತೆ ನೋಡಿ,” ಎಂದ ಸಹಾಯಕ.

ಊಟದ ಹೊತ್ತು ಮೀರಿ ಎರಡು ಗಂಟೆಯಾಗಿತ್ತು. ಮೇಡಂ ಮುಚ್ಚಳ ತೆಗೆದರು. ಬೆಳಿಗ್ಗೆ ತುಂಬಿದ ಅನ್ನ ತುಂಬಿದ ಹಾಗೇ ಇತ್ತು. ಚಮಚದಿಂದ ತಳದವರೆಗೂ ಕೆದಕಿದರು. ಸೀಸೆ ಇರಲಿಲ್ಲ.

ಹೆಂಗಸು ಇಲಿಗಳ ತಕ್ಕಡಿಯನ್ನು ಎಡಗೈಯಿಂದ ಅವರ ಮುಂದಕ್ಕೆ ತಳ್ಳಿದಳು.

“ತೂಕ ಹಾಕಿ ಮೇಡಂ. ಏಳರದ್ದು ಹಾಕ್ತೀರಲ್ಲ, ಹಾಗೇ. ಹಾಕಿ ಬರ್ಕೊಳ್ಳಿ. ಆಮೇಲೆ ಇವರನ್ನ ಒಂದು ಮಾತು ಕೇಳಿ. ಹೋದ ವಾರವೆಲ್ಲ ಹಲ್ಲುನೋವು ಅಂತ ಗಂಜೀನೂ ಇಳೀದೆ ಮೂಲೇಲಿ ಕೂತಿದ್ರು. ಮಂಗಳವಾರದಿಂದ ಕಡಲೆ ಕಡೀತಾ ಊರೋರನ್ನೆಲ್ಲಾ ಮಾತಾಡಿಸ್ತಿದ್ದಾರೆ. ಹೇಗೆ?”

ಕಟಕಟ ಸದ್ದು ನಿಂತಿತು. ಎಂಟನೇ ಇಲಿ ಮಾತ್ರ ಮತ್ತೆ ಕಾಳಿನ ಗುಂಡಿ ಒತ್ತುತ್ತಿತ್ತು.