ನವೆಂಬರ್ ಒಂಬತ್ತರ ಹಾಳೆ

"ಬುಕ್ಕು ಒಳಗಿಟ್ಬುಡಿ ಸಾಬಿರಾ ಮೇಡಂ. ಅವ್ರು ಈಗ ನಿಮ್ ಕಡೇಗೇ ಬತ್ತಾವ್ರೆ."

ಫೋನಿನಲ್ಲಿದ್ದವನು ಕನಕಪುರದ ಪ್ರವಾಸಿ ಮಾಹಿತಿ ಕೇಂದ್ರದ ಮನೋಹರ್. ಮಾಗಡಿ ಕಡೆಯ ಕೇಂದ್ರದಲ್ಲಿ ಆ ಮಧ್ಯಾಹ್ನ ಸಾಬಿರಾ ಒಬ್ಬಳೇ ಇದ್ದಳು.

"ಯಾರು?"

"ಒಬ್ರು ಯಜಮಾನ್ರು, ಜೊತೇಲಿ ಒಬ್ಬ ಹೆಂಗಸು. ಬೆಳಿಗ್ಗೆ ರಾಮನಗರದಲ್ಲಿ ಕೇಳವ್ರೆ, ಆಮ್ಯಾಕೆ ಚನ್ನಪಟ್ಣ, ಈಗ ಇಲ್ಲಿ. ಹುಡ್ಗಿ ಫೋಟೋ ತೋರಿಸ್ತಾರೆ. ನವೆಂಬರ್ ಒಂಬತ್ತನೇ ತಾರೀಕಿನ ಪುಟ ತೆಗೀರಿ ಅಂತಾರೆ. ಅವಳ ಹೆಸರು ಕಂಡ್ ತಕ್ಷಣ ಆ ವಯ್ಯ ಬುಕ್ಕು ಹೆಂಗೆ ಕಿತ್ಕಂಡ್ರು ಅಂತೀರಾ! ಅವತ್ತು ಬೈಕಲ್ ಬಂದಿದ್ ಆ ಜೋಡಿ ಸಿಕ್ರೆ ಸುಮ್ನೆ ಬುಡೋ ಮುಖ ಅಲ್ಲ ಕಣಮ್ಮ ಅದು."

ಸಾಬಿರಾಳಿಗೆ ಆ ಜೋಡಿ ಚೆನ್ನಾಗಿ ನೆನಪಿತ್ತು. ಎರಡು ತಿಂಗಳ ಹಿಂದೆ, ಒಂದು ಭಾನುವಾರ ಸಂಜೆ, ಬೈಕಿನಲ್ಲಿ ಬಂದಿದ್ದರು. ಹುಡುಗ ಹೊರಗೆ ಬೈಕು ಒರೆಸುತ್ತ ನಿಂತಿದ್ದ. ಹುಡುಗಿ ಸಾವನದುರ್ಗದ ಕರಪತ್ರ ತೆಗೆದುಕೊಂಡು, ಸಂದರ್ಶಕರ ಪುಸ್ತಕವನ್ನು ಎಳೆದುಕೊಂಡು ಕೂತಳು. ಎಲ್ಲರೂ ಒಂದು ಸಾಲು ಬರೆದು ಏಳುವ ಪುಸ್ತಕದಲ್ಲಿ ಹತ್ತು ನಿಮಿಷ ಬರೆದಳು. ಹೊರಡುವಾಗ ಮಾತ್ರ ದನಿ ತಗ್ಗಿಸಿದಳು.

"ಅಕ್ಕ, ಎರಡೂ ಮನೇಲಿ ಒಪ್ತಿಲ್ಲ. ಯಾರಾದ್ರೂ ಕೇಳ್ಕಂಡ್ ಬಂದ್ರೆ ನಮ್ಮನ್ನ ನೋಡ್ದೆ ಅನ್ಬೇಡಿ."

ಸಾಬಿರಾ ಆಗಲಿ ಎಂದಿದ್ದಳು. ಸುಮ್ಮನೆ ಅಂದ ಮಾತಲ್ಲ ಅದು. ಹತ್ತು ವರ್ಷದ ಹಿಂದೆ ಕಾಲೇಜಿನ ಗೆಳತಿ ಲತಾಮಣಿ ಹೀಗೇ ಒಬ್ಬನ ಜೊತೆ ಹೊರಟು ನಿಂತಿದ್ದಳು. ಅವಳು ಯಾವ ಬಸ್ ಸ್ಟಾಂಡಿನಲ್ಲಿದ್ದಾಳೆ ಎಂದು ಅವಳ ಅಣ್ಣಂದಿರು ಕೇಳಿದಾಗ, ಹೆದರಿ ನಿಜ ಹೇಳಿದವಳು ಸಾಬಿರಾ. ಜಡೆ ಹಿಡಿದು ಎಳೆದುಕೊಂಡು ಹೋದರು. ಆಮೇಲೆ ಲತಾಮಣಿಯನ್ನು ಯಾರೂ ಕಾಲೇಜಿನಲ್ಲಿ ಕಾಣಲಿಲ್ಲ.

ಪುಸ್ತಕ ಒಳಗಿಟ್ಟರೆ ಸಾಲದು. ಕೇಳಿದರೆ ಕೊಡಲೇಬೇಕಾಗುತ್ತದೆ. ಸಾಬಿರಾ ಆ ಪುಟ ತೆರೆದಳು. ದುಂಡಗಿನ ಅಕ್ಷರ, ಹಾಳೆ ತುಂಬ. 'ಅಪ್ಪಾ' ಎಂಬ ಮೊದಲ ಮಾತಷ್ಟೇ ಕಣ್ಣಿಗೆ ಬಿತ್ತು. ಎಲ್ಲಿಗೆ ಹೋಗುತ್ತೇವೆ ಎಂದು ಪೆದ್ದು ಹುಡುಗಿ ಬರೆದೇ ಬಿಟ್ಟಿರಬೇಕು. ಮುಂದೆ ಓದಲಿಲ್ಲ, ಬೇರೆಯವರ ಕಾಗದ. ಹರಿದಳು. ಹಿತ್ತಲಲ್ಲಿ ತರಗೆಲೆಯ ಗುಡ್ಡೆಗೆ ತೋಟದವನು ಬೆಂಕಿ ಹಚ್ಚಿ ಹೋಗಿದ್ದ. ಅದರಲ್ಲಿ ಹಾಕಿ, ಹಾಳೆ ಪೂರ್ತಿ ಕಪ್ಪಾಗುವವರೆಗೂ ಅಲ್ಲೇ ನಿಂತಿದ್ದಳು.

ಮೂರು ಗಂಟೆಗೆ ಕಾರು ಬಂತು. ಗಂಡಸು ಓಡಿಸುತ್ತಿದ್ದ, ಹೆಂಗಸು ಹಿಂದಿನ ಸೀಟಿನಲ್ಲಿದ್ದಳು. ಅವನ ಹಣೆಯಲ್ಲಿ ನಾಮ, ಅವಳ ಹಣೆಯಲ್ಲಿ ವಿಭೂತಿ. ದಾರಿಯುದ್ದಕ್ಕೂ ಮಾತಾಡಿದವರಂತೆ ಕಾಣಲಿಲ್ಲ.

"ನೀವು ಕೂತ್ಕಳಿ ಗಿರಿಜಮ್ನೋರೆ," ಎಂದ ಅವನು. ಹೆಂಡತಿಗೆ ಇಷ್ಟೊಂದು ಮರ್ಯಾದೆ ಕೊಡುವ ಗಂಡಸರು ಈ ಕಡೆ ಕಡಿಮೆ. ಹೊರಗಿನವರ ಮುಂದೆ ನಾಟಕ, ಅಂದುಕೊಂಡಳು ಸಾಬಿರಾ.

"ನಾನು ಕೈಲಾಂಚದ ಅನಂತರಾಜು." ಅವನು ಮೇಜಿನ ಮೇಲೆ ಫೋಟೋ ಇಟ್ಟ. ಪಕ್ಕದಲ್ಲಿ ಸಾವನದುರ್ಗದ ಕರಪತ್ರ, ಈ ಕೇಂದ್ರದ್ದೇ ಮೊಹರು. ಅಂಚಿನಲ್ಲಿ ಕಂದು ಕಲೆ. ಹುಡುಗಿಯ ಚೀಲವನ್ನೂ ಜಾಲಾಡಿದ್ದಾನೆ.

"ಧನುಶ್ರೀ ಅಂತ. ಇಲ್ಲಿಗೆ ಬಂದಿದ್ಲಲ್ವಾ?"

"ದಿನಾ ಎಷ್ಟೋ ಜನ ಬತ್ತಾರೆ. ನೆನಪಿಲ್ಲ."

"ನಗ್ತಾ ಇದ್ಲಾ?"

ಎಂಥ ಕುಹಕದ ಪ್ರಶ್ನೆ. ಸಾಬಿರಾ ಪುಸ್ತಕ ಮುಂದಕ್ಕೆ ತಳ್ಳಿದಳು. ಅನಂತರಾಜು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಮಗುಚಿದ. ನವೆಂಬರ್ ಎಂಟು. ಮುಂದಿನದು ಹತ್ತು. ಹೊಲಿಗೆಯ ಬಳಿ ಉಳಿದಿದ್ದ ಕಾಗದದ ಚೂರಿನ ಮೇಲೆ ಅವನ ಬೆರಳು ಮೇಲಿಂದ ಕೆಳಕ್ಕೆ ನಿಧಾನವಾಗಿ ಓಡಿತು.

"ಯಾರು ಹರ್ದಿದ್ದು?"

"ಮಕ್ಕಳು ಯಾರಾನ ಹರ್ದಿರ್ಬೇಕು."

ಕೂಗಾಡುತ್ತಾನೆ ಎಂದು ಸಾಬಿರಾ ಗಟ್ಟಿಯಾಗಿ ನಿಂತಿದ್ದಳು. ಅವನು ಕೂಗಾಡಲಿಲ್ಲ. ಪುಸ್ತಕ ಮುಚ್ಚಿ, ಹೊರಗೆ ಹೋಗಿ, ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತ. ಸೋತ, ಎಂದುಕೊಂಡಳು. ಹತ್ತು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಅಲುಗಿದಂತಾಯಿತು. ಆ ಧೈರ್ಯದಲ್ಲೇ ಬೆಂಚಿನ ಹತ್ತಿರ ಹೋಗಿ ಹೆಂಗಸಿನ ಪಕ್ಕ ಕೂತಳು.

"ಅಮ್ಮಾ, ಹೆತ್ತೋರಿಗೆ ಕಷ್ಟ ಆಯ್ತದೆ, ನಂಗೊತ್ತು. ಆದ್ರೆ ನಿಮ್ ಮಗಳು ಎಲ್ಲೋ ಒಂದ್ ಕಡೆ ಸುಖವಾಗವ್ಳೆ ಅನ್ಕಳಿ. ಅವ್ರ ಪಾಡಿಗೆ ಅವ್ರನ್ನ ಬುಟ್ಬುಡಿ. ಯಜಮಾನ್ರಿಗೂ ನೀವೇ ಹೇಳಿ."

ಗಿರಿಜಮ್ಮ ತಿರುಗಿ ಅವಳ ಮುಖ ನೋಡಿದರು. ಬೈಯುವ ಕಣ್ಣಾಗಿರಲಿಲ್ಲ ಅದು. ಗೋಡೆಯ ಬಳಿ ಅನಂತರಾಜುವಿನ ಬೆನ್ನು ಅಲುಗುತ್ತಿತ್ತು.

"ಅವ್ರು ನಮ್ ಯಜಮಾನ್ರಲ್ಲ ಕಣವ್ವ," ಎಂದರು. "ಧನು ಅವ್ರ ಮಗಳು. ಬೈಕ್ ಓಡಿಸ್ತಿದ್ದೋನು ನನ್ ಮಗ, ರುದ್ರ. ಬೀಗರಾಗಕ್ಕೆ ನಾವಿಬ್ರೂ ಒಪ್ಪಲಿಲ್ಲ. ಅವತ್ತು ಇಲ್ಲಿಂದ ಹೊಂಟೋರು ಮನೆ ಸೇರ್ಲಿಲ್ಲ, ದಾರೀಲೇ ಲಾರಿಗೆ ಸಿಕ್ಕಿ ಇಬ್ರೂ ಹೋಗ್ಬುಟ್ರು. ಆ ಮಕ್ಳು ಅವತ್ತು ಸುತ್ತಿದ್ ಕಡೇಲೆಲ್ಲ ಸುತ್ತಿ, ಕೊನೇಗೆ ಇಲ್ಲಿ ಏನ್ ಬರ್ದವ್ರೋ, ಒಂದ್ಸಲ ಓದ್ಕಂಡ್ ಹೋಗಣ ಅಂತ ಬಂದೊ."