ಬದು ದಾಟಿದವರು

ನೆಲದಲ್ಲಿ ಹೂತಿದ್ದ ಲೋಟದೊಳಗೆ ಬಗ್ಗಿ ನೋಡಿದ ಸ್ಫೂರ್ತಿ ಹೊಲದ ಸಾಲಿನಲ್ಲೇ ತಲೆ ಮೇಲೆ ಕೈಹೊತ್ತು ಕೂತುಬಿಟ್ಟಳು. ಒಳಗೊಂದು ತುಂಡು ಕುಂಬಳಕಾಯಿ ಕಡುಬು. ಅದರ ಮೇಲೆ, ಕೆಳಗೆ, ಸುತ್ತಮುತ್ತ ಇರುವೆ, ಕರಿ ಜೀರುಂಡೆ, ಹೆಸರೇ ಗೊತ್ತಿಲ್ಲದ ಹುಳಹುಪ್ಪಟೆ ಗಿಜಿಗುಡುತ್ತಿದ್ದವು. ಪಕ್ಕದ ಲೋಟದಲ್ಲೂ ಕಡುಬು. ಅದರಾಚೆಯದರಲ್ಲಿ ಮೊಸರನ್ನ.

"ಅಜ್ಜಿ, ಇದನ್ನೆಲ್ಲ ಯಾರು ಹಾಕಿದ್ದು?"

"ಇನ್ಯಾರು ಹಾಕ್ತಾರೆ? ನಾನೇ," ಎಂದರು ವಿಶಾಲಾಕ್ಷಮ್ಮ, ಹೆಮ್ಮೆಯಿಂದಲೇ. ನಿನ್ನೆ ಭೂಮಿ ಹುಣ್ಣಿಮೆ, ಬಸುರಿ ಭೂಮಿತಾಯಿಗೆ ಬಯಕೆಯೂಟ ಬಡಿಸುವ ದಿನ. ಕೋಳಿ ಕೂಗುವ ಹೊತ್ತಿಗೆ ಎದ್ದು, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹತ್ತಿ ಹೊಲದ ತುಂಬ ಚರಗ ಚೆಲ್ಲುತ್ತ ಬಂದವರಿಗೆ ನೆಲ ಅಲ್ಲಲ್ಲಿ ಬಾಯಿ ತೆರೆದುಕೊಂಡಿದ್ದು ಕಂಡಿತ್ತು. ಬಾಯಿ ತೆರೆದ ಬಸುರಿಯ ಮುಂದೆ ಬುಟ್ಟಿ ಹಿಡಿದುಕೊಂಡು ಸುಮ್ಮನೆ ಹಾದು ಹೋಗುವುದುಂಟೇ? ಒಂದೊಂದಕ್ಕೂ ಒಂದೊಂದು ತುತ್ತು ಹಾಕಿ, ಕೈಮುಗಿದು ಬಂದಿದ್ದರು.

ಆ ಲೋಟಗಳನ್ನು ಹೂತವಳು ಸ್ಫೂರ್ತಿ, ಕೃಷಿ ಕಾಲೇಜಿನ ಹುಡುಗಿ. ಕಾಯಿಕೊರಕ ಬೀಳದ ಹಾಗೆ ಬೀಜವನ್ನೇ ತಿದ್ದಿ ಮಾಡಿದ ಬಿಟಿ ಹತ್ತಿ ಬೆಳೆದರೆ ಮಣ್ಣಿನಲ್ಲಿರುವ ಬೇರೆ ಹುಳುಗಳ ಗತಿ ಏನು ಎಂದು ತಿಳಿಯುವುದು ಅವಳ ಓದು. ಬದುವಿನ ಈಚೆ ವಿಶಾಲಾಕ್ಷಮ್ಮನ ಬಿಟಿ ಹತ್ತಿ, ಆಚೆ ಮೈದುನ ಪಂಚಾಕ್ಷರಪ್ಪನ ನಾಟಿ ಹತ್ತಿ. ಎರಡೂ ಕಡೆ ನೆಲದ ಮಟ್ಟಕ್ಕೆ ಲೋಟ ಹೂತು, ಬಿದ್ದ ಹುಳ ಮೇಲೇರದ ಹಾಗೆ ಒಳಗೆ ಪೌಡರ್ ಬಳಿದು, ವಾರಕ್ಕೊಮ್ಮೆ ಬೆಳಿಗ್ಗೆ ಬಂದು ಎಣಿಸಿ ಬಿಟ್ಟುಬಿಡುತ್ತಿದ್ದಳು. ಈ ಸಲದ ಎಣಿಕೆಗೆ ಲೆಕ್ಕ ಪೂರ್ತಿಯಾಗಬೇಕಿತ್ತು.

ಅವಳಿಗೆ ಅದು ಓದು. ವಿಶಾಲಾಕ್ಷಮ್ಮನಿಗೆ ಮನೆತನದ ಮಾತು. ಲೋಟ ಹೂತ ದಿನವೇ ಪಂಚಾಕ್ಷರಪ್ಪ ನಾಲ್ಕು ಜನರೆದುರು ಅಂದುಬಿಟ್ಟಿದ್ದ: "ಆ ಬೀಜ ಹಾಕಿ ಮಣ್ಣಲ್ಲಿರೋ ಜೀವಾನೆಲ್ಲ ಕೊಂದೆ ಅತ್ತಿಗೆ. ನಿನ್ ಹೊಲದಾಗೆ ಹುಳ ಉಳ್ಕಂಡೈತೆ ಅಂತ ಈ ಹುಡುಗಿ ಲೆಕ್ಕ ಹೇಳ್ಲಿ, ಆಮೇಲೆ ನಿನ್ ಜತೆ ಕೂತು ಉಣ್ತೀನಿ."

ಹೇಳಿದಂತೆಯೇ ಮಾಡಿದ, ಮಹರಾಯ. ಭೂಮಿ ಹುಣ್ಣಿಮೆಯ ಊಟವನ್ನು ಎರಡೂ ಮನೆಯವರು ಆ ಬದುವಿನ ಮೇಲೆ ಒಟ್ಟಿಗೆ ಕೂತು ಉಣ್ಣುವುದು ಮಾವನವರ ಕಾಲದಿಂದ ಬಂದದ್ದು. ನಿನ್ನೆ ವಿಶಾಲಾಕ್ಷಮ್ಮ ಎಲೆ ಹಾಸಿಕೊಂಡು ಕಾದದ್ದೇ ಬಂತು. ಅವನು ತನ್ನ ಹೊಲದ ಪೂಜೆ ಮುಗಿಸಿ, ತಲೆಯೂ ಎತ್ತದೆ ಹೊರಟುಹೋದ. ಅವರು ಸೊಸೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ. ಕೈತುತ್ತು ಹಾಕಿ ಬೆಳೆಸಿದವನು. ನಿನ್ನೆ ಅವರೂ ಉಣ್ಣದೆ ಎಲೆ ಮಡಿಚಿಟ್ಟಿದ್ದರು.

"ಈಗ ಹೇಳು ಮಗಾ, ನನ್ನ ಹೊಲದಾಗೆ ಜೀವ ಐತೋ ಇಲ್ವೋ?" ಎಂದು ಕೇಳಿದರು. ಕೇಳಿದ್ದು ಹುಡುಗಿಯನ್ನು, ದನಿ ಏರಿಸಿದ್ದು ಬದುವಿನಾಚೆ ಹುಲ್ಲು ಕೊಯ್ಯುತ್ತಿದ್ದ ಮೈದುನನಿಗೆ.

ಸ್ಫೂರ್ತಿ ಬೇಜಾರಿನಿಂದಲೇ ಬಿಡಿಸಿ ಹೇಳಿದಳು. ಈ ಸಲದ ಎಣಿಕೆ ಲೆಕ್ಕಕ್ಕೆ ಬರುವುದಿಲ್ಲ. ಲೋಟ ತೊಳೆದು, ಮತ್ತೆ ಹೂತು, ಮುಂದಿನ ವಾರ ಎಣಿಸಬೇಕು. ಊಟದ ವಾಸನೆಗೆ ಎಲ್ಲೆಲ್ಲಿಂದಲೋ ಹುಳ ಬರುತ್ತವೆ, ಇವೆಲ್ಲ ಈ ಮಣ್ಣಿನವೇ ಎಂದು ಹೇಳಲಾಗದು. "ಎಷ್ಟೋ ಹುಳ ಆ ತಾತನ ಹೊಲದಿಂದ ಬದು ದಾಟಿ ಬಂದಿರಬಹುದು ಅಜ್ಜಿ."

ವಿಶಾಲಾಕ್ಷಮ್ಮನ ಮುಖ ಸಣ್ಣದಾಯಿತು. ಲೋಟದೊಳಗೆ ಮತ್ತೊಮ್ಮೆ ಬಗ್ಗಿ ನೋಡಿದರು. ಜೀರುಂಡೆಯೊಂದು ಕಡುಬಿನ ಅಂಚಿಗೆ ತಲೆ ಹೂತು ಲೋಕವನ್ನೇ ಮರೆತಿತ್ತು. ನೋಡುತ್ತ ನೋಡುತ್ತ ಅವರಿಗೆ ನಗು ಬಂತು.

"ಅಂದ್ರೆ ಅವನ ಹೊಲದ ಹುಳ ನಮ್ಮನೆ ಊಟಕ್ಕೆ ಬಂದಿದ್ವು ಅನ್ನು."

"ಬಂದಿರಬಹುದು."

"ಯಾವ ಬೀಜ ಹಾಕಿದ್ದೀಯ ಅಂತ ಕೇಳ್ಲಿಲ್ಲ ಪಾಪ."

ಸ್ಫೂರ್ತಿಯೂ ನಕ್ಕುಬಿಟ್ಟಳು. ಆಚೆ ಕುಡುಗೋಲಿನ ಸರಸರ ಸದ್ದು ನಿಂತಿತು. ವಿಶಾಲಾಕ್ಷಮ್ಮ ಅತ್ತ ತಿರುಗಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದ ಹುಡುಗಿಗೆಂದು ಎತ್ತಿಟ್ಟು ತಂದಿದ್ದ ಡಬ್ಬಿ ಬಿಚ್ಚಿ, ಬದುವಿನ ಮೇಲೆ ಎಲೆ ಹಾಸಿ, ಕಡುಬಿನ ಮೇಲೆ ತುಪ್ಪ ಬಿಟ್ಟರು.

ತಲೆ ಎತ್ತಿದಾಗ ಪಂಚಾಕ್ಷರಪ್ಪ ಬದುವಿನ ಆ ಅಂಚಿನಲ್ಲಿ ನಿಂತಿದ್ದ. ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ಕೈ ಆಗಲೇ ಒಣಗಿತ್ತು.

"ಲೆಕ್ಕ ಮುಂದಿನ ವಾರಕ್ಕೆ ಹೋಯ್ತಂತಲ್ಲ ಅತ್ತಿಗೆ."

"ಹ್ಞೂಂ ಕಣಪ್ಪ. ಹೋಯ್ತು."

ಅವನು ಡಬ್ಬಿಯ ಕಡೆ ನೋಡಿದ. "ಅಲ್ಲೀಗಂಟ ಕಡುಬು ಉಳಿಯಲ್ವಲ್ಲ."