ನಿಂತಲ್ಲೇ ಓಡಿದ ಕಾರು

ಪಂಚಾಕ್ಷರಪ್ಪನ ಸ್ಪೋರ್ಟ್ಸ್ ಕಾರು ಇಪ್ಪತ್ತು ವರ್ಷದಿಂದ ಶೆಡ್ಡು ಬಿಟ್ಟು ಕದಲಿರಲಿಲ್ಲ. ಎಲ್ಲರ ಕಾರುಗಳ ಹಾಗೆ ಅದೂ ಊರಿಗೆ ಕರೆಂಟು ಹುಟ್ಟಿಸಲು ರೋಲರುಗಳ ಮೇಲೆ ನಿಂತಲ್ಲೇ ಓಡುತ್ತಿತ್ತು. ಮೂರು ಲಕ್ಷ ಕಿಲೋಮೀಟರ್ ಮುಗಿಸಿದ ಮನೆಯವರಿಗಷ್ಟೇ ಊರ ಬೇಲಿ ದಾಟಲು ಅಪ್ಪಣೆ. ಇನ್ನು ನಲವತ್ತೇ ಕಿಲೋಮೀಟರ್ ಬಾಕಿ ಎನ್ನುವಾಗ ಎಂಜಿನ್ ಬಡಿದುಕೊಳ್ಳತೊಡಗಿತು.

“ಹೆಂಗೋ ಓಡ್ತೈತಲ್ಲ, ಬಿಚ್ಚಬೇಡ್ರಿ,” ಎಂದಳು ಹೆಂಡತಿ ಗಿರಿಜಮ್ಮ, ಬಟ್ಟೆಗಂಟು ಕಟ್ಟುತ್ತ.

ಹಿಂದೆ ರೇಸ್ ಕಾರುಗಳ ಮೆಕ್ಯಾನಿಕ್ ಆಗಿದ್ದ ಪಂಚಾಕ್ಷರಪ್ಪನಿಗೆ ತಡೆಯಲಾಗಲಿಲ್ಲ. “ಈ ಕೆಮ್ಮು ಇಟ್ಕೊಂಡು ಹೊರಟ್ರೆ ನನ್ನ ಮರ್ಯಾದೆ ಏನಾಗ್ಬೇಕು?” ಎಂದು ಪಿಸ್ಟನ್ನು, ಬೇರಿಂಗು ಎಲ್ಲ ಹೊಸದು ಹಾಕಿ ಎಂಟು ದಿನಕ್ಕೆ ಎಂಜಿನ್ ಕೂಡಿಸಿದ.

ಕೀಲಿ ತಿರುಗಿಸಿದೊಡನೆ ಅದು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಹೊಸ ಎಂಜಿನ್ ಎಂದುಕೊಂಡು, ಕಿಲೋಮೀಟರ್ ಲೆಕ್ಕವಿಡುವ ಸರ್ಕಾರಿ ಮೀಟರು ಸೊನ್ನೆಯಿಂದ ಎಣಿಸತೊಡಗಿತು.

“ಸದ್ದೇನೋ ಚೆನ್ನಾಗೈತೆ ಬಿಡ್ರಿ,” ಎಂದಳು ಗಿರಿಜಮ್ಮ, ಗಂಟು ಬಿಚ್ಚಿ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸುತ್ತ.